ಓತಿ ಹಾರಿಹೋಗಲಿ ಬಿಡಿ

ಸಿಗಂದೂರು

ಪ್ರೀತಿಯ ಗೆಳೆಯರಿಗೆ,

ನಿಮ್ಮ ಕಾಗದ ಬಂತು. ಐಸಾಕ್ ಅಸಿಮೋವ್ ಬರೆದ ‘ಐ, ರೋಬೋಟ್’ ಓದಿ ಮುಗಿಸಿದ ಹುರುಪಿನಲ್ಲೇ ಅದೇ ಹೆಸರಿನ ಸಿನಿಮಾ ಹಾಕಿಕೊಂಡು ಕೂತಿರಿ, ಅರ್ಧಕ್ಕೇ ಎದ್ದುಬಂದಿರಿ. ಒಂದು ಸಿನಿಮಾಕ್ಕೆ ಇಷ್ಟು ಬೇಜಾರು ಮಾಡಿಕೊಳ್ಳಬೇಕಾ ಎಂದು ಮನೆಯವರು ಕೇಳಿದರಂತೆ. ಬೇಕು ಮಾರಾಯರೇ, ಖಂಡಿತ ಬೇಕು. ನನಗೂ ಅದೇ ಬೇಜಾರಿದೆ.

1950ರಲ್ಲಿ ಬಂದ ಆ ಪುಸ್ತಕದಲ್ಲಿರುವುದು ಒಂಬತ್ತು ಕತೆ. ಅದರಲ್ಲಿ ಹರ್ಬಿ ಎಂಬ ರೋಬೋಟ್ ಬರುತ್ತದಲ್ಲ, ಮನಸ್ಸು ಓದಬಲ್ಲದ್ದು, ಅದನ್ನು ನಾನು ಮರೆತೇ ಇಲ್ಲ. ಮನುಷ್ಯರಿಗೆ ಕೇಡು ಮಾಡಬಾರದು ಎಂಬುದು ಅದಕ್ಕೆ ಹಾಕಿಕೊಟ್ಟ ಮೊದಲ ನಿಯಮ. ಮನಸ್ಸು ನೋಯಿಸುವುದೂ ಕೇಡೇ ಆದ್ದರಿಂದ ಅದು ಒಬ್ಬೊಬ್ಬರಿಗೂ ಅವರವರಿಗೆ ಬೇಕಾದ ಸುಳ್ಳು ಹೇಳುತ್ತಾ ಹೋಗುತ್ತದೆ. ಸೂಸನ್ ಕ್ಯಾಲ್ವಿನ್‌ಗೆ, ನಿನ್ನ ಸಹೋದ್ಯೋಗಿಗೆ ನಿನ್ನ ಮೇಲೆ ಪ್ರೀತಿ ಇದೆ ಎನ್ನುತ್ತದೆ. ಯಾರ ಮುಂದೆಯೂ ಮೆತ್ತಗಾಗದ ಆ ವಿಜ್ಞಾನಿ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೆಲಸಕ್ಕೆ ಬರತೊಡಗುತ್ತಾಳೆ. ಅವನ ಮದುವೆ ಬೇರೆಯವಳ ಜೊತೆ ಎಂದು ತಿಳಿದಾಗ ಅವಳು ಆ ಯಂತ್ರದ ಎದುರು ನಿಂತು, ಹೇಳಿದರೂ ನೋವು, ಹೇಳದಿದ್ದರೂ ನೋವು ಎಂಬ ಇಕ್ಕಟ್ಟನ್ನೇ ಮತ್ತೆ ಮತ್ತೆ ಹೇಳಿ ಅದು ಕುಸಿದು ಬೀಳುವಂತೆ ಮಾಡುತ್ತಾಳೆ. ಗುಂಡಿನ ಸದ್ದಿಲ್ಲ, ಓಟವಿಲ್ಲ. ಒಂದು ಕೋಣೆ, ಒಂದು ನಿಯಮ, ಒಂದು ನೊಂದ ಜೀವ. ಅಷ್ಟರಲ್ಲೇ ಓದುಗನ ಎದೆ ಹಿಂಡುತ್ತದೆ.

2004ರ ಸಿನಿಮಾದಲ್ಲಿ ರೋಬೋಟ್‌ಗಳು ಹಿಂಡು ಹಿಂಡಾಗಿ ಜನರ ಮೇಲೆ ತಿರುಗಿ ಬೀಳುತ್ತವೆ, ವಿಲ್ ಸ್ಮಿತ್ ಬಡಿದಾಡುತ್ತಾನೆ. ತನ್ನನ್ನು ಮಾಡಿದವನನ್ನೇ ಕೊಲ್ಲುವ ಯಂತ್ರದ ಕತೆಗಳು ಸಾಕಾಗಿ ಹೋಗಿದ್ದವು ಎಂದೇ ಅಸಿಮೋವ್ ಈ ಕತೆಗಳನ್ನು ಬರೆದದ್ದು. ಅವರು ಯಾವುದಕ್ಕೆ ಬೆನ್ನು ಹಾಕಿ ಹೊರಟರೋ ಅದನ್ನೇ ಸಿನಿಮಾದವರು ಅವರ ಹೆಸರಿನಲ್ಲಿ ತೋರಿಸಿದರು. ಆ ಚಿತ್ರಕಥೆ ಹುಟ್ಟಿದ್ದೂ ಬೇರೆಯಾಗಿಯೇ, ‘ಹಾರ್ಡ್‌ವೈರ್ಡ್’ ಎಂಬ ಹೆಸರಿನಲ್ಲಿ. ಅಸಿಮೋವ್ ಹೆಸರು ಅಂಟಿಕೊಂಡದ್ದು ಆಮೇಲೆ. ನಿಮ್ಮ ಸಿಟ್ಟು ನ್ಯಾಯವಾದದ್ದು ಎನ್ನಲು ಇದೊಂದೇ ಸಾಕು.

ಆದರೆ ಪುಸ್ತಕದಲ್ಲಿದ್ದಂತೆ ತೆಗೆಯಲಿಲ್ಲ ಎಂಬುದಷ್ಟೇ ದೂರಾದರೆ ನಾನು ಒಪ್ಪಲಾರೆ. ಸ್ತಾನಿಸ್ಲಾವ್ ಲೆಮ್ 1961ರಲ್ಲಿ ಬರೆದ ‘ಸೋಲಾರಿಸ್’ ನೋಡಿ. ಒಂದು ಗ್ರಹವನ್ನೆಲ್ಲ ಆವರಿಸಿದ ಸಮುದ್ರ. ಅದಕ್ಕೆ ಜೀವವಿದೆ, ಬುದ್ಧಿಯೂ ಇದ್ದೀತು. ತಲೆಮಾರುಗಟ್ಟಲೆ ವಿಜ್ಞಾನಿಗಳು ಗ್ರಂಥದ ಮೇಲೆ ಗ್ರಂಥ ಬರೆದರೂ ಅದು ಏನೆಂದು ಯಾರಿಗೂ ತಿಳಿಯುವುದಿಲ್ಲ. ತಾರ್ಕೋವ್ಸ್ಕಿ 1972ರಲ್ಲಿ ಅದನ್ನು ಚಿತ್ರ ಮಾಡುವಾಗ ಕತೆಯನ್ನು ಭೂಮಿಯಲ್ಲೇ, ನಾಯಕನ ಅಪ್ಪನ ಮನೆಯಲ್ಲಿ ಶುರುಮಾಡಿದ. ಲೆಮ್ ಮಾಸ್ಕೋಗೆ ಹೋಗಿ ಜಗಳ ಮಾಡಿ ಬಂದರು. ಈತ ತೆಗೆದದ್ದು ಸೋಲಾರಿಸ್ ಅಲ್ಲ, ದಾಸ್ತೋವ್ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಎಂದು ಕೊನೆಯವರೆಗೂ ದೂರಿದರು. ಲೆಮ್ ಹೇಳಿದ್ದು ನಿಜ. ಅವರ ಸಮುದ್ರ ಆ ಚಿತ್ರದಲ್ಲಿ ಮೂಲೆ ಸೇರಿದೆ. ಆದರೂ ನಾನು ಆ ಚಿತ್ರವನ್ನು ಬಿಟ್ಟುಕೊಡಲಾರೆ. ಅರಿಯಲಾಗದ್ದರ ಮುಂದೆ ಮನುಷ್ಯ ಏನು ಎಂದು ಲೆಮ್ ಕೇಳಿದರೆ, ಮಾಡಿದ ತಪ್ಪಿನ ಮುಂದೆ ಮನುಷ್ಯ ಏನು ಎಂದು ತಾರ್ಕೋವ್ಸ್ಕಿ ಕೇಳಿದ. ದೊಡ್ಡ ಪ್ರಶ್ನೆ ತೆಗೆದ ಜಾಗದಲ್ಲಿ ಇನ್ನೊಂದು ದೊಡ್ಡ ಪ್ರಶ್ನೆ ಇಟ್ಟಿದ್ದಾನೆ. ಕೊನೆಗೆ ಆ ಮನೆ, ಸುತ್ತ ನೀರಿರುವ ಒಂದು ದ್ವೀಪದ ಮೇಲೆ ಕಾಣುತ್ತದೆ.

ದ್ವೀಪ ಎಂದರೆ ಶರಾವತಿ ಹಿನ್ನೀರಿನ ನಮಗೆ ನೆನಪಾಗುವುದೇ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಗುಡ್ಡದ ತಲೆಗಳೇ ನಡುಗಡ್ಡೆಗಳಾದವು. ಲಾಂಚಿಗೆ ಕಾದು ಕಾದು ದಾಟುತ್ತಿದ್ದ ಈ ನೀರಿಗೆ 2025ರ ಜುಲೈಯಲ್ಲಷ್ಟೇ ಸೇತುವೆ ಬಂತು. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡು ಇಲ್ಲಿಯ ಮುಳುಗಡೆಯನ್ನು ಕಣ್ಣಾರೆ ಕಂಡು ‘ದ್ವೀಪ’ ಬರೆದರು. ಅದನ್ನು ಚಿತ್ರ ಮಾಡಿದ ಗಿರೀಶ ಕಾಸರವಳ್ಳಿಯವರೂ ಇದೇ ಮಲೆನಾಡಿನ ತೀರ್ಥಹಳ್ಳಿ ತಾಲೂಕಿನವರೇ. ಅವರು ಪುಟ ಪುಟ ಹಿಡಿದುಕೊಂಡು ಹೋಗಲಿಲ್ಲ. ತೂಕವನ್ನು ಮನೆಯೊಡತಿ ನಾಗಿಯ ಕಡೆಗೆ ಸರಿಸಿದರು. ಸೌಂದರ್ಯ ಮಾಡಿದ ಆ ನಾಗಿ ಮಳೆಯಲ್ಲಿ ಒಬ್ಬಳೇ ಮನೆ ಉಳಿಸಿಕೊಳ್ಳುತ್ತಾಳೆ, ಗಂಡ ಅದರ ಪುಣ್ಯವನ್ನೆಲ್ಲ ದೇವರಿಗೆ ಕೊಟ್ಟುಬಿಡುತ್ತಾನೆ. ಆದರೆ ಏರುವ ನೀರು ಹಾಗೇ ಇದೆ. ಹೋಗಲೂ ಆಗದ, ಇರಲೂ ಆಗದ ಸಂಕಟ ಹಾಗೇ ಇದೆ. ಮುಳುಗಡೆಯ ಮನೆಗಳಲ್ಲಿ ಬೆಳೆದವರು ಆ ಚಿತ್ರವನ್ನು ತಮ್ಮದೆಂದೇ ನೋಡುತ್ತಾರೆ.

ಈಗ ನನ್ನ ಭಯ ಹೇಳುತ್ತೇನೆ. ತೇಜಸ್ವಿಯವರ ‘ಕರ್ವಾಲೊ’ (1980) ನನ್ನ ಪಾಲಿಗೆ ಕನ್ನಡದ ದೊಡ್ಡ ವಿಜ್ಞಾನ ಕಾದಂಬರಿ. ನಾಳೆ ಯಾರಾದರೂ ಭಾರಿ ದುಡ್ಡು ಹಾಕಿ ಅದನ್ನು ತೆರೆಗೆ ತಂದರೆ ಅದರೊಳಗಿನ ಹಾರುವ ಓತಿಯನ್ನು ಏನು ಮಾಡಿಯಾರು? ಕಂಪ್ಯೂಟರಿನಲ್ಲಿ ಮೊಸಳೆಯಷ್ಟು ದೊಡ್ಡದು ಮಾಡಿ, ಅದಕ್ಕೊಂದು ಗರ್ಜನೆ ಕೊಟ್ಟುಬಿಟ್ಟರೆ?

ನಮ್ಮ ಕಡೆಯ ಅಡಿಕೆ ತೋಟದಲ್ಲಿ ಬಿಸಿಲೇರಿದ ಹೊತ್ತಿಗೆ ಸುಮ್ಮನೆ ನಿಂತರೆ ಆ ಓತಿ ಇವತ್ತಿಗೂ ಕಾಣುತ್ತದೆ. ಗೇಣುದ್ದದ ಜೀವ. ಕಾಂಡದ ಬಣ್ಣಕ್ಕೆ ಅಂಟಿಕೊಂಡಿದ್ದರೆ ಮರ ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ತಿಳಿಯದು. ಗಂಡಾದರೆ ಗಂಟಲಡಿಯ ಹಳದಿ ಚೀಲವನ್ನು ಬಾವುಟದಂತೆ ಬಿಚ್ಚುತ್ತದೆ, ಮಡಚುತ್ತದೆ. ಆಗಲೇ ಕಣ್ಣಿಗೆ ಸಿಕ್ಕಿಬೀಳುವುದು. ಸರಸರ ಮೇಲೇರಿ, ಪಕ್ಕೆಲುಬು ಅಗಲಿಸಿ, ನಡುವಿನ ಪೊರೆ ಹರಡಿ ಪಕ್ಕದ ಮರಕ್ಕೆ ಜಾರಿಬಿಡುತ್ತದೆ. ರೆಕ್ಕೆ ಬಡಿಯುವುದಿಲ್ಲ, ಸದ್ದಿಲ್ಲ.

ಇಷ್ಟು ಸಣ್ಣ ಪ್ರಾಣಿಯಲ್ಲಿ ಕೋಟ್ಯಂತರ ವರ್ಷದ ಕಾಲವನ್ನು ತೋರಿಸಿದ್ದೇ ತೇಜಸ್ವಿ ಮಾಡಿದ ಕೆಲಸ. ಅದಕ್ಕೆ ಅವರು ಆತುರಪಡಲಿಲ್ಲ. ಜೇನು, ಮಂದಣ್ಣನ ಮದುವೆ, ಕಳ್ಳಬಟ್ಟಿ ಕೇಸು ಎಲ್ಲ ಮುಗಿಸಿಕೊಂಡೇ ಓತಿ ಹುಡುಕಲು ಕಾಡಿಗೆ ಹೊರಡಿಸುತ್ತಾರೆ. ಊರವರ ಲೆಕ್ಕಕ್ಕೆ ಪ್ರಯೋಜನವಿಲ್ಲದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ಕೊನೆಯಲ್ಲಿ ಓತಿ ಕೈಗೆ ಸಿಗದೆ ಪ್ರಪಾತದ ಕಡೆ ತೇಲಿ ಹೋಗುತ್ತದೆ. ಸಿನಿಮಾ ಮಾಡುವವರು ಮದುವೆ ಬಿಡಲಿ, ಕೇಸು ಬಿಡಲಿ, ಊರನ್ನೇ ಬದಲಿಸಲಿ, ನಾನು ತಕರಾರು ಮಾಡುವುದಿಲ್ಲ. ಓತಿಯನ್ನು ಹಿಡಿದುಬಿಟ್ಟರೆ ಮಾತ್ರ ಸಹಿಸಲಾರೆ.

‘ಸೋಲಾರಿಸ್’ ಪುಸ್ತಕವನ್ನು ಅಂಚೆಗೆ ಹಾಕಿದ್ದೇನೆ. ಚಿತ್ರ ಆಮೇಲೆ ನೋಡಿ, ಅವಸರವಿಲ್ಲ. ಲೆಮ್ ಜಗಳದಲ್ಲಿ ನೀವು ಯಾರ ಪಕ್ಷ ಎಂದು ಬರೆಯಿರಿ.

ನಿಮ್ಮ,
ಹಿನ್ನೀರಿನ ದಂಡೆಯ ಗೆಳೆಯ