ಕರುವಿನ ಪಾಲು

ಹನೂರು ತಾಲ್ಲೂಕಿನ ಪಾಲಾರ್ ನಮ್ಮ ನಾಡಿನ ಅಂಚು. ಮಲೆ ಮಹದೇಶ್ವರ ಬೆಟ್ಟದಿಂದ ಇಳಿದು ಬರುವ ದಾರಿ ಇಲ್ಲಿಂದ ಮೆಟ್ಟೂರಿನತ್ತ ಸಾಗುತ್ತದೆ. ಅಲ್ಲಿನ ಕೊಟ್ಟಿಗೆಯೊಂದರಲ್ಲಿ ವೃದ್ಧೆಯೊಬ್ಬರು ಕರುವನ್ನು ಬಿಟ್ಟು, ಅದು ಕೆಚ್ಚಲನ್ನು ಗುದ್ದಿ ಗುದ್ದಿ ಕುಡಿಯುವವರೆಗೂ ಕಾದು, ಆಮೇಲೆ ಚೊಂಬು ಹಿಡಿದರು. “ಅದರ ಪಾಲು ಅದಕ್ಕೆ ಸ್ವಾಮಿ, ಮಿಕ್ಕಿದ್ದು ನಮಗೆ” ಎಂದರು.

ಕರುವಿನ ಬಾಯಿ ತಾಗಿದೊಡನೆ ತಾಯಿಯ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ನೆತ್ತರಿಗೆ ಸೇರಿ, ಕೆಚ್ಚಲಿನ ಸೂಕ್ಷ್ಮ ಕೋಶಗಳನ್ನು ಹಿಂಡಿ ಹಾಲಿಳಿಸುತ್ತದೆ. ಕೇವಲ ಒಂಬತ್ತು ಅಮೈನೋ ಆಮ್ಲಗಳ ಈ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೆರಿಗೆಯ ರಕ್ತಸ್ರಾವ ತಡೆದು ಅಸಂಖ್ಯ ತಾಯಂದಿರನ್ನು ಉಳಿಸಿದ ಮದ್ದೂ ಇದೇ. ಆದರೆ ಕರುವಿಲ್ಲದೆಯೇ ಹಾಲು ಕರೆಯಲು ಇದನ್ನು ಹಸುವಿಗೆ ಚುಚ್ಚುವ ದುರಭ್ಯಾಸವೂ ಬೆಳೆಯಿತು. ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂತೆ ಹೀಗೆ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. 2018ರಲ್ಲಿ ಕೇಂದ್ರ ಸರ್ಕಾರವು ದೇಶದ ಬಳಕೆಗೆ ಇದರ ತಯಾರಿಕೆಯನ್ನು ಸಾರ್ವಜನಿಕ ವಲಯಕ್ಕೆ, ಎಂದರೆ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಸಂಸ್ಥೆಗೆ ಮೀಸಲಿಟ್ಟಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿತು. ಮದ್ದು ಸಾಲದೆ ತಾಯಂದಿರು ಸಾಯಬಾರದೆಂಬ ಕಾಳಜಿಯೂ ಸಣ್ಣದಲ್ಲವಷ್ಟೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಮಿದುಳಿನೊಳಗೂ ನರತಂತುಗಳ ಮೂಲಕ ಇದೇ ರಸ ಭಯದ ಕೇಂದ್ರವಾದ ಅಮಿಗ್ಡಲವನ್ನು ತಲಪುತ್ತದೆ. ಅಲ್ಲಿ ಅದರ ಕರೆಗೆ ಓಗೊಡುವುದು ನರಕೋಶಗಳು ಮಾತ್ರವೆಂದು ತಿಳಿಯಲಾಗಿತ್ತು. ಬರಿಯ ಆಸರೆಯೆಂದು ಕಡೆಗಣಿಸಿದ್ದ ನಕ್ಷತ್ರಾಕಾರದ ಆಸ್ಟ್ರೋಸೈಟ್ ಕೋಶಗಳೂ ಆತಂಕ ತಗ್ಗಿಸಿ ನೆಮ್ಮದಿ ತರುತ್ತವೆ, ದೀರ್ಘಕಾಲದ ನೋವಿನಲ್ಲಿಯೂ ಅವುಗಳ ಪಾತ್ರವಿದೆ ಎಂದು 2021ರಲ್ಲಿ ‘ನೇಚರ್ ನ್ಯೂರೋಸೈನ್ಸ್’ ಪತ್ರಿಕೆಯ ಲೇಖನವೊಂದು ತೋರಿಸಿತು. ಹೊರಗಿನಿಂದ ಚುಚ್ಚಿದ ರಸವಾದರೋ ನೆತ್ತರಿನಿಂದ ಮಿದುಳಿಗೆ ದಾಟುವುದು ಅತ್ಯಲ್ಪ. ಹಾಲು ಇಳಿಯುತ್ತದೆ, ಕರು ತರುವ ನೆಮ್ಮದಿಯೂ ಅದರೊಡನೆ ಬರುವುದೆಂದು ನಾನು ನಂಬಲಾರೆ.

ಈ ಅರಿವು ದೊರೆತದ್ದು ಇಲಿಗಳಿಂದ, ಅವುಗಳಲ್ಲಿ ನೋವನ್ನು ಉಂಟುಮಾಡಿ. ಓದುವಾಗ ಕೈ ತಡೆಯಿತು, ಆದರೂ ಓದಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣಗಳೊಂದಿಗೆ ಅನ್ನಪಾನನಿರೋಧವನ್ನೂ ತತ್ತ್ವಾರ್ಥಸೂತ್ರ ಎಣಿಸುತ್ತದೆ. ಕರುವಿನ ಹಾಲನ್ನು ತಡೆಯುವುದು ಅದಲ್ಲದೆ ಇನ್ನೇನು?

ನಮ್ಮ ಬಸದಿಯ ಕ್ಷೀರಾಭಿಷೇಕಕ್ಕೆ ಹಾಲು ಕೊಡುವ ಹಸುಗಳ ಕರುಗಳೆಲ್ಲಿ ಎಂದು ವಿಶ್ವಸ್ತರನ್ನು ಕೇಳಿದೆ. ಯಾರಿಗೂ ತಿಳಿದಿರಲಿಲ್ಲ. ಮುಂದಿನ ಸಭೆಯ ವಿಷಯಪಟ್ಟಿಗೆ ಈ ಪ್ರಶ್ನೆಯನ್ನು ಬರೆದುಕೊಟ್ಟಿದ್ದೇನೆ.