ಹಿತ್ತಲದ ಪಾತರಗಿತ್ತಿ, ಕಂತು 7: ಆಯಿಯ ಕರಿಬೇವು

"ಫೋನ್ ಯಾವುದು?" ಹೋದ ಕಂತಿಗೆ ಬಂದ ಕಾಮೆಂಟ್‌ನ್ಯಾಗ ಅರ್ಧಕ್ಕರ್ಧ ಇದೇ ಪ್ರಶ್ನೆ. ಫೋನ್ ಅಣ್ಣ ಬಿಟ್ಟುಕೊಟ್ಟದ್ದು, ಸ್ಕ್ರೀನ್ ಮ್ಯಾಲ ಒಂದು ಬಿರುಕು, ಜೂಮ್ ಮಾಡಿದ್ರ ಎಲ್ಲಾ ಮಸಕು. ಅದರಾಗ ಏನೂ ವಿಶೇಷ ಇಲ್ರಿ. ಇವತ್ತು ಹಾಕಿರೋ ಫೋಟೋ ಎಲ್ಲಾ ಸಿಕ್ಕಿದ್ದು ಆಯಿಯ ಕರಿಬೇವಿನ ಗಿಡದಿಂದ.

ಹೂವಿಗೆ ಬಂದ ಪಾತರಗಿತ್ತಿ ದಾರಿಹೋಕರಿದ್ದಂಗ. ನಮ್ಮ ಜೀನಿಯಾ ಮ್ಯಾಲ ಕೂತು, ಎರಡು ಗುಟುಕು ಕುಡದು, ಫೋಕಸ್ ಆಗೂದರೊಳಗ ಬಾಜೂ ಮನಿ ಕಂಪೌಂಡ್ ದಾಟಿರ್ತದ. ಬಿಸಿಲು ಏರಿ ಮೈ ಕಾದಮ್ಯಾಲಂತೂ ಹಿಡಿಯೂದ ಆಗೂದಿಲ್ಲ. ಆದ್ರ ಮೊಟ್ಟಿ ಇಡಾಕ ಬಂದ ತಾಯಿ ಹಂಗಲ್ಲ. ಆಕಿಗೆ ಬೇಕಾದದ್ದು ಹೂವಲ್ಲ, ಎಲಿ. ಅದೂ ಮಕ್ಕಳು ತಿನ್ನೋ ಎಲಿನೇ ಆಗಬೇಕು. ಕಾಮನ್ ಮಾರ್ಮನ್‌ಗೆ ಕರಿಬೇವು, ಲಿಂಬಿ. ಪ್ಲೇನ್ ಟೈಗರ್‌ಗೆ ಎಕ್ಕಿ. ಬರೇ ಹೂವಿನ ಗಿಡ ಹಚ್ಚಿದ್ರ ನೀವು ಹೋಟೆಲ್ ತಗದಂಗ. ಈ ಗಿಡ ಹಚ್ಚಿದ್ರ ತವರುಮನಿ ಕಟ್ಟಿದಂಗ.

ಕಾಮನ್ ಮಾರ್ಮನ್ ಚಿಗುರಿನ ಮ್ಯಾಲ ಒಂದೊಂದ ಮೊಟ್ಟಿ ಇಡ್ತದ. ಹುಳ ಸಣ್ಣದಿದ್ದಾಗ ಥೇಟ್ ಹಕ್ಕಿ ಹಿಕ್ಕಿಯಂಗ ಕಾಣ್ತದ, ಕಪ್ಪು ಬಿಳಿ, ನೋಡಿದ್ರ ಮುಟ್ಟಾಕ ಮನಸ್ಸಾಗೂದಿಲ್ಲ. ಅದಕ್ಕ ಬೇಕಾದದ್ದೂ ಅದ. ದೊಡ್ಡದಾದಮ್ಯಾಲ ಎಲಿಯಷ್ಟ ಹಸಿರು. ಕೆಣಕಿದ್ರ ತಲಿ ಹಿಂದಿಂದ ಕೆಂಪನ್ನ ಕವಲು ಕೋಡು ಹೊರಗ ಬಂದು ಗಬ್ಬು ವಾಸನಿ ಹೊಡೀತದ (4ನೇ ಫೋಟೋ. ಕೆಣಕಿದ್ದು ನಾನಲ್ಲ, ಇರಿವಿ). ಮೊಟ್ಟಿಯಿಂದ ರೆಕ್ಕಿ ತನಕ ಎಲ್ಲಾ ಕೂಡಿ ಒಂದು ತಿಂಗಳ ಆಜೂಬಾಜು.

ಈಗ ನಿಮ್ಮ ಫೋನ್ ಪ್ರಶ್ನೆಗೆ ಉತ್ತರ. ಕೋಶದ ಸಿಪ್ಪಿ ಕಪ್ಪಾಗಿ ಒಳಗಿನ ರೆಕ್ಕಿ ಬಣ್ಣ ಕಾಣಾಕ ಹತ್ತಿದ್ರ ಮರುದಿನ ಮುಂಜಾನೆ ಲಗೂನ ಏಳ್ರಿ. ಒಡದು ಬಂದ ಪಾತರಗಿತ್ತಿಯ ರೆಕ್ಕಿ ಒದ್ದಿ ಇರ್ತದ, ಮುದ್ದಿ ಆಗಿರ್ತದ. ಅದನ್ನ ಬಿಡಿಸಿ, ಒಣಗಿಸಿಕೊಂಡು ಹಾರಾಕ ತಾಸಿನ ಮ್ಯಾಲ ಬೇಕು. ಆ ಹೊತ್ತಿನ್ಯಾಗ ಅದು ಎಲ್ಲೂ ಹೋಗೂದಿಲ್ಲ. ಜೂಮ್ ಬ್ಯಾಡ. ಫೋನ್ ರೆಕ್ಕಿಗೆ ಸಮಾನ ಹಿಡೀರಿ, ಕಣ್ಣಿನ ಮ್ಯಾಲ ಒತ್ತಿ ಫೋಕಸ್ ಮಾಡ್ರಿ, ಬೆಳಕು ಸ್ವಲ್ಪ ಕೆಳಗ ಎಳೀರಿ, ಇಲ್ಲಾಂದ್ರ ಬಿಳಿ ಪಟ್ಟಿ ಸುಟ್ಟು ಹೋಗ್ತದ. ನೆರಳಿದ್ರ ಆ ಕಡೆಯಿಂದ ಒಂದು ಬಿಳಿ ಟಾವೆಲ್ ಹಿಡೀರಿ, ಸಾಕು. ಮುಟ್ಟಬ್ಯಾಡ್ರಿ. ಆಗ ರೆಕ್ಕಿ ಮಡಚಿದ್ರ ಅದು ಜನ್ಮದಾಗ ಹಾರೂದಿಲ್ಲ. ಪಾತರಗಿತ್ತಿನ ಫ್ರಿಜ್‌ನ್ಯಾಗ ಇಟ್ಟು, ಅರೆಜೀವ ಮಾಡಿ, ಹೂವಿನ ಮ್ಯಾಲ ಕೂಡ್ರಿಸಿ ಫೋಟೋ ತಗಿಯೋ ಮಂದಿನೂ ಇದ್ದಾರ. ಅದು ಎಷ್ಟ ಚಂದ ಬಂದಿದ್ರೂ ನಾ ಲೈಕ್ ಒತ್ತೂದಿಲ್ಲ.

ಎಲಿ ಹಂಚಿಕೊಳ್ಳೋ ಜಗಳ ನಮ್ಮನ್ಯಾಗ ಮುಗದಿಲ್ಲ. ಆಯಿ ಮೊದಲ "ಒಗ್ಗರಣಿಗೆ ಎಲಿ ಎಲ್ಲಿಂದ ತರ್ಲಿ? ನಿನ್ನ ಹುಳಾ ಹುರೀಲೇನು?" ಅಂದ್ಲು. ಈಗ ಮ್ಯಾಲಿನ ಟೊಂಗಿ ಆಕಿದು, ಕೆಳಗಿನ್ವು ಹುಳದ್ದು. ಗಮ್ಮತ್ತಂದ್ರ, ಆಕಿ ಕಿತ್ತಲ್ಲೆ ಹೊಸ ಚಿಗುರು ಒಡೀತದ, ಆ ಚಿಗುರಿಗೇ ಮೊಟ್ಟಿ ಬೀಳ್ತಾವ. ನಮ್ಮ ಹಿತ್ತಲದ ನಿಜವಾದ ಮಾಲಿ ಆಯಿನೇ. ಪ್ಯಾಟಿ ಕರಿಬೇವು ತಂದು ಹುಳಕ್ಕ ಹಾಕಬ್ಯಾಡ್ರಿ, ಔಷಧ ಹೊಡದಿದ್ರ ಒಂದ ದಿನದಾಗ ಕಪ್ಪಾಗಿ ಬೀಳ್ತಾವ.

ಲಿಂಬಿ ಗಿಡಕ್ಕ ಒಮ್ಮೊಮ್ಮೆ ಬ್ಲೂ ಮಾರ್ಮನ್ ಬರ್ತದ, ಅಂಗೈ ಮೀರಿದ್ದು, ಕಪ್ಪು ನೀಲಿ. 2015ರಾಗ ಮಹಾರಾಷ್ಟ್ರ ಇದನ್ನ ರಾಜ್ಯದ ಚಿಟ್ಟೆ ಅಂತ ಆರಿಸಿಕೊಂಡಿತು. ನಮ್ಮ ಕರ್ನಾಟಕದ್ದು ಹಳದಿ ಕಪ್ಪಿನ ಸದರ್ನ್ ಬರ್ಡ್‌ವಿಂಗ್. ಅದನ್ನ ನೋಡಾಕ ಖಾನಾಪುರದ ಕಾಡಿನ ಕಡೆ ಹೋಗಬೇಕು, ಯಾಕಂದ್ರ ಅದರ ಹುಳ ತಿನ್ನೂದು ಈಶ್ವರಿ ಬಳ್ಳಿ ಜಾತಿಯ ಗಿಡ, ಊರಾಗ ಅದನ್ನ ಯಾರೂ ಹಚ್ಚೂದಿಲ್ಲ. ಹಿಂಗಾಗಿ ಹಿಂದವಾಡ್ಯಾಗ ನಮಗ ಸಿಗೂದು ಮಹಾರಾಷ್ಟ್ರದ ಚಿಟ್ಟೆ! ಬಾಜೂ ಮನಿ ಕಾಕು "ಫುಲಪಾಖರೂ ಆಲಂ" ಅಂತ ಕೂಗಿ ಹೇಳ್ತಾರ, ನಾ "ಪಾತರಗಿತ್ತಿ ಬಂತು" ಅಂತ ಓಡ್ತೀನಿ. ಅದಕ್ಕ ಗಡಿ ಗೊತ್ತಿಲ್ಲ, ಲಿಂಬಿ ಎಲ್ಲಿ ಅದ ಅನ್ನೂದಷ್ಟ ಗೊತ್ತು.

ಇನ್ನ ಖರೇ ಸುದ್ದಿ. ದೀಪಾವಳಿ ಆದಮ್ಯಾಲ ಅಪ್ಪ ಹಿತ್ತಲಕ್ಕ ಪೇವರ್ ಹಾಕಸ್ತಾರಂತ. ಗಾಡಿ ನಿಲ್ಲಿಸಾಕ ಜಾಗ ಬೇಕು, ಮಳಿಗಾಲದಾಗ ರಾಡಿ ಸಾಕಾಗೇದ. ಅವರು ಹೇಳೂದೂ ತಪ್ಪಲ್ಲ, ಜುಲೈದಾಗ ಆಯಿ ಎರಡು ಸಲ ಜಾರ್‍ಯಾಳ. ನಮ್ಮ ಓಣ್ಯಾಗ ಮಣ್ಣು ಕಾಣೂ ಹಿತ್ತಲ ಇನ್ನ ಮೂರೋ ನಾಲ್ಕೋ. ಜೀನಿಯಾ ಕುಂಡಿಗೆ ಹೋಗ್ತಾವ. ಕರಿಬೇವಿನ ಬುಡದಾಗ ಎದ್ದ ಐದು ಮರಿ ಗಿಡ ಹಳೇ ಎಣ್ಣಿ ಡಬ್ಬಿಗೆ ಎತ್ತಿಟ್ಟೀನಿ. ದೊಡ್ಡ ಗಿಡ ಉಳೀತದ, ಯಾಕಂದ್ರ ಆಯಿ "ಅದನ್ನ ಕಡದ ದಿನ ನಿಮಗ ಸಾರಿಲ್ಲ" ಅಂತ ಊಟಕ್ಕ ಕೂತಾಗ ಅಪ್ಪಗ ಹೇಳಿ ಆಗೇದ.

ಗೋಡಿ ಬಾಜೂ ಇರೋ ಎಕ್ಕಿ ಗಿಡ ಮಾತ್ರ ಉಳಿಯೂದಿಲ್ಲ. ಶನಿವಾರ ಮಾರುತಿ ಹಾರಕ್ಕ ಆಯಿ ಅದರ ಎಲಿ ಕೀಳ್ತಾಳ, ಈಗೀಗ ಒಂದೊಂದನ್ನೂ ತಿರುವಿ ಹಿಂದ ಹುಳ ಅದ ಏನು ನೋಡಿನೇ ಕೀಳ್ತಾಳ. ಇವತ್ತಿಗೆ ಅದರ ಮ್ಯಾಲ ಪ್ಲೇನ್ ಟೈಗರ್ ಹುಳ ಆರು ಅದಾವ, ಹಳದಿ ಕಪ್ಪು ಬಿಳಿ ಪಟ್ಟಿ, ಕೊನೇ ಫೋಟೋ ನೋಡ್ರಿ. ಎಕ್ಕಿ ಬಿಟ್ಟು ಬ್ಯಾರೆ ಎಲಿ ಕೊಟ್ರ ಉಪವಾಸ ಬೀಳ್ತಾವ. ಟಿಳಕವಾಡಿ, ವಡಗಾವಿ, ಅನಗೋಳ ಕಡೆ ಯಾರ ಮನಿ ಹತ್ರ ಖಾಲಿ ಪ್ಲಾಟ್‌ನ್ಯಾಗ ಎಕ್ಕಿ ಗಿಡ ಅದ, ಡಿಎಂ ಮಾಡ್ರಿ. ಸೈಕಲ್ ಮ್ಯಾಲ ಬಂದು ಎಲಿ ಒಯ್ತೀನಿ. ನೀವು ಕೀಳೂದಾದ್ರ ಅದರ ಹಾಲು ಕಣ್ಣಿಗೆ ತಾಗಿಸಿಕೋಬ್ಯಾಡ್ರಿ, ಕೈ ತೊಳಕೊಳ್ರಿ.

#ಹಿಂದವಾಡಿ #ಬೆಳಗಾವಿ #ಪಾತರಗಿತ್ತಿ #ಹಿತ್ತಲ #ಕರಿಬೇವು