ಅವರು

ನಮ್ಮವ್ವನನ್ನು ಊರೊಳಗಿನವರು ಯಾರಾದರೂ 'ಅವರು' ಅಂದದ್ದನ್ನು ನಾವು ಕೇಳಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ 'ಏ ಇವಳೇ, ಮೊರ ಹಿಡಿ' ಅಂತಿದ್ದರು. ನಮಗಿಂತ ಚಿಕ್ಕ ಹೈಕಳೂ ಅವ್ವನನ್ನು ಹೆಸರು ಹಿಡಿದೇ ಕೂಗುತ್ತಿದ್ದವು. ಅವ್ವ ಆ ಹೈಕಳಿಗೂ 'ಬುದ್ದೀ' ಅನ್ನುತ್ತಿದ್ದಳು. ನೋಡಿ, ನಾವೂ 'ಅನ್ನುತ್ತಿದ್ದಳು' ಅಂತಲೇ ಬರೆದೆವು. ನಮ್ಮದು ಪ್ರೀತಿಯ ಏಕವಚನ. ಊರಿನದು ಬೇರೆ ಏಕವಚನ. ವ್ಯಾಕರಣದ ಪುಸ್ತಕದಲ್ಲಿ ಎರಡೂ ಒಂದೇ.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ಅಂಕಪಟ್ಟಿ ಹಿಡಿದು ಒಂದು ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತ 'ಕೂತ್ಕೊಳ್ಳಿ' ಅಂದ. ಯಾರಿಗೆ ಅಂದನೋ ಅಂತ ನಾವು ಹಿಂದೆ ತಿರುಗಿ ನೋಡಿದೆವು.

ಗೆಳೆಯರೆ, ಇದನ್ನೆಲ್ಲ ಯಾಕೆ ಹೇಳಿದೆವೆಂದರೆ, ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಹೀಗೇ ಇತ್ತು. ಎಪ್ಪತ್ತು ವರ್ಷದ ಕರಿಯ ಮುದುಕನನ್ನೂ ಬಿಳಿಯರು 'ಹುಡುಗ' ಅಂತ ಕರೆಯುತ್ತಿದ್ದರು. ಕರಿಯ ಹೆಂಗಸಿಗೆ 'ಮಿಸ್' ಇಲ್ಲ, 'ಮಿಸೆಸ್' ಇಲ್ಲ, ಬರೀ ಹೆಸರು. ಆ ನೆಲದಲ್ಲಿ ಬೆಳೆದು ವಕೀಲರಾದ ಪಾಲಿ ಮರ್ರೆ ಅವರ ವಿಷಯ ಇಲ್ಲಿ ಬರೆಯುತ್ತಿದ್ದೇವೆ. ಅವರು ಕವಿ ಕೂಡ.

ನಮ್ಮ ಹಾಸ್ಟೆಲ್ಲಿನಲ್ಲಿ ಶನಿವಾರ ರಾತ್ರಿ ಓದುವ ಕೂಟ ಇತ್ತು. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಡುಬಾಯ್ಸ್ ಅವರಿಗೆ ಪತ್ರ ಬರೆದದ್ದು, 1972ರಲ್ಲಿ ಮುಂಬಯಿಯ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನೋಡಿ ದಲಿತ ಪ್ಯಾಂಥರ್ಸ್ ಕಟ್ಟಿದ್ದು, ಎಲ್ಲ ನಮಗೆ ಬಾಯಿಪಾಠ. ಕಿಂಗ್ ಗೊತ್ತು, ಮಾಲ್ಕಮ್ ಎಕ್ಸ್ ಗೊತ್ತು. ಪಾಲಿ ಮರ್ರೆ ಗೊತ್ತಿರಲಿಲ್ಲ. ಕೂಟಕ್ಕೆ ಬರುತ್ತಿದ್ದ ಗೆಳತಿಯೊಬ್ಬಳು ಆ ಹೆಸರು ತಂದಳು. ಅವಳಿಗೆ ನಾವೇನು ಮಾಡಿದೆವು ಅನ್ನುವುದನ್ನು ಆಮೇಲೆ ಹೇಳುತ್ತೇವೆ.

ಪಾಲಿ ಮರ್ರೆ ಹುಟ್ಟಿದ್ದು 1910ರಲ್ಲಿ, ಬಾಲ್ಟಿಮೋರಿನಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ತಾಯಿ ಸತ್ತರು. ತಂದೆ ಮಾಸ್ತರರು. ಕಾಯಿಲೆಯಾಗಿ ಅವರನ್ನು ಹುಚ್ಚಾಸ್ಪತ್ರೆಗೆ ಹಾಕಿದರು. 1923ರಲ್ಲಿ ಅಲ್ಲಿಯ ಕಾವಲುಗಾರನೊಬ್ಬ ಅವರನ್ನು ಹೊಡೆದು ಕೊಂದ. ಮಗುವನ್ನು ಸಾಕಿದ್ದು ಉತ್ತರ ಕೆರೊಲಿನಾದ ಡರ್ಹಮ್ ಊರಿನ ದೊಡ್ಡಮ್ಮ. ಆಕೆ ಶಾಲೆಯ ಟೀಚರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ ಮಗುವನ್ನು ಜೊತೆಗೇ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದರು. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದ ಆ ಮಗು ಅಲ್ಲೇ ಓದು ಕಲಿತುಬಿಟ್ಟಿತು. ಅಜ್ಜಿ ಗುಲಾಮಳಾಗಿ ಹುಟ್ಟಿದವರು. ಬಿಳಿ ಒಡೆಯನ ಮಗ ಅಜ್ಜಿಯ ತಾಯಿಯನ್ನು ಕೆಡಿಸಿದ್ದರಿಂದ ಹುಟ್ಟಿದವರು. ಈ ಮನೆತನದ ಕತೆಯನ್ನು ಮುಚ್ಚಿಡದೆ ಅವರು 1956ರಲ್ಲಿ ಪುಸ್ತಕ ಮಾಡಿದರು. ಅದರ ಹೆಸರು 'ಪ್ರೌಡ್ ಶೂಸ್', ಅಂದರೆ ಹೆಮ್ಮೆಯ ಮೆಟ್ಟು. ಮೆಟ್ಟು ಕೈಯಲ್ಲಿ ಹಿಡಿದು ಊರು ದಾಟಿದ ಅಜ್ಜಂದಿರ ಮೊಮ್ಮಕ್ಕಳಾದ ನಮಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ.

1940ರ ಮಾರ್ಚಿನಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗಿನಲ್ಲಿ ಅವರನ್ನೂ ಅವರ ಗೆಳತಿ ಅಡಲೀನ್ ಮೆಕ್‌ಬೀನ್ ಅವರನ್ನೂ ಬಸ್ಸಿನಿಂದ ಇಳಿಸಿ ಜೈಲಿಗೆ ಹಾಕಿದರು. ಹಿಂದಿನ ಮುರುಕು ಸೀಟಿಗೆ ಹೋಗಿ ಅಂದಾಗ ಹೋಗಲಿಲ್ಲ, ಅದೇ ತಪ್ಪು. ರೋಸಾ ಪಾರ್ಕ್ಸ್ ಎದ್ದೇಳದೆ ಕೂತದ್ದು 1955ರಲ್ಲಿ. ಅದಕ್ಕೂ ಹದಿನೈದು ವರ್ಷ ಹಿಂದಿನ ಮಾತು ಇದು. ಆ ದಿನಗಳಲ್ಲಿ ಅವರು ಗಾಂಧಿಯ ಸತ್ಯಾಗ್ರಹದ ಬಗ್ಗೆ ಓದುತ್ತಿದ್ದರಂತೆ. ಗಾಂಧಿಯ ಜೊತೆ ನಮ್ಮ ಜಗಳ ಪೂನಾ ಒಪ್ಪಂದದಿಂದ ಇವತ್ತಿನವರೆಗೂ ಮುಗಿದಿಲ್ಲ. ಆದರೂ ಬಸ್ಸಿನ ಸೀಟಿನಲ್ಲಿ ಕದಲದೆ ಕೂತವರ ಎದುರು ಆ ಜಗಳ ತೆಗೆಯುವುದಿಲ್ಲ.

ಅವರ ದಂಡ ಕಟ್ಟಲು ನೆರವಾದದ್ದು ವರ್ಕರ್ಸ್ ಡಿಫೆನ್ಸ್ ಲೀಗ್ ಎಂಬ ಕಾರ್ಮಿಕರ ಪರ ಸಂಘ. ಅದೇ ಸಂಘ ಮುಂದೆ ಅವರಿಗೆ ಒಂದು ಕೆಲಸ ಹಚ್ಚಿತು. ಒಡೆಲ್ ವಾಲರ್ ಅನ್ನುವವನು ವರ್ಜೀನಿಯಾದ ಕರಿಯ ಆಳು. ನಮ್ಮ ಕಡೆ ವಾರಕ್ಕೆ ಮಾಡುತ್ತಾರಲ್ಲ, ಹಾಗೆ ಪಾಲಿಗೆ ಉಳುತ್ತಿದ್ದ. 1940ರ ಜುಲೈನಲ್ಲಿ ತನ್ನ ಪಾಲಿನ ಗೋಧಿ ಕೇಳಲು ಆಸ್ಕರ್ ಡೇವಿಸ್ ಎಂಬ ಬಿಳಿಯನ ಹತ್ತಿರ ಹೋದ. ಡೇವಿಸನೂ ಭಾರಿ ಜಮೀನ್ದಾರನಲ್ಲ, ಬೇರೆಯವರ ಭೂಮಿಯನ್ನು ಗುತ್ತಿಗೆಗೆ ಮಾಡುತ್ತಿದ್ದ ಬಡವ. ಬಡವ ಬಡವನ ಪಾಲು ಹಿಡಿದುಕೊಂಡ. ಮಾತಿಗೆ ಮಾತು ಬೆಳೆಯಿತು, ವಾಲರ್ ಗುಂಡು ಹಾರಿಸಿದ, ಡೇವಿಸ್ ಸತ್ತ. ಪ್ರಾಣ ಉಳಿಸಿಕೊಳ್ಳಲು ಹೊಡೆದೆ ಅಂತ ವಾಲರ್ ಹೇಳಿದ. ತೀರ್ಪು ಹೇಳಿದ ಜ್ಯೂರಿಯಲ್ಲಿ ಎಲ್ಲರೂ ಬಿಳಿಯರು. ತಲೆಗಂದಾಯ ಕಟ್ಟಿದವರಿಗೇ ಓಟು, ಅಂಥವರಿಗೇ ಜ್ಯೂರಿಯಲ್ಲಿ ಜಾಗ ಅನ್ನುವುದು ಅಲ್ಲಿನ ರಿವಾಜು. ವರ್ಷಕ್ಕೆ ಒಂದೂವರೆ ಡಾಲರ್ ಕಂದಾಯ. ಅದನ್ನು ಕಟ್ಟಲಾರದವರು ಅವನ ಸರೀಕರು. ಅವರಲ್ಲಿ ಒಬ್ಬನೂ ಅಲ್ಲಿ ಕೂತಿರಲಿಲ್ಲ.

ಪಾಲಿ ಮರ್ರೆ ಆಗ ಇನ್ನೂ ವಕೀಲರಲ್ಲ. ವಾಲರನ ಸಾಕುತಾಯಿ ಆನಿ ವಾಲರ್ ಅವರನ್ನು ಜೊತೆಗೆ ಕರೆದುಕೊಂಡು ಊರೂರು ಅಲೆದು ಭಾಷಣ ಮಾಡಿ ದುಡ್ಡು ಕೂಡಿಸಿದರು. ಸುಪ್ರೀಂ ಕೋರ್ಟು ಕೇಸು ಕೇಳಲೇ ಇಲ್ಲ. ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಬೇಡಿಕೊಂಡರೂ ಗವರ್ನರ್ ಬಗ್ಗಲಿಲ್ಲ. 1942ರ ಜುಲೈ 2ರಂದು ವಾಲರನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು.

ಈ ಕತೆಯನ್ನು ಅವ್ವನಿಗೆ ಹೇಳಿದಾಗ ಅವಳು ಒಲೆ ಮುಂದೆ ಕೂತಿದ್ದಳು. ಬಹಳ ಹೊತ್ತು ಸುಮ್ಮನಿದ್ದು, 'ಆ ಗೋದಿ ಯಾರ್ ತಿಂದ್ರು?' ಅಂದಳು.

ಈ ಕೇಸಿಗಾಗಿ ಅಲೆಯುವಾಗಲೇ ಹಾವರ್ಡ್ ವಿಶ್ವವಿದ್ಯಾಲಯದ ಕಾನೂನು ಪ್ರೊಫೆಸರೊಬ್ಬರು ಅವರ ಮಾತು ಕೇಳಿ, ನೀವು ನಮ್ಮಲ್ಲಿ ಬಂದು ಓದಿ ಅಂದಿದ್ದರು. 1941ರಲ್ಲಿ ಸೇರಿದರು. ಹಾವರ್ಡ್ ಕರಿಯರದೇ ವಿದ್ಯಾಲಯ, ನಮ್ಮವರ ನಡುವೆ ಬಂದೆ ಅಂದುಕೊಂಡಿರಬೇಕು. ಮೊದಲ ದಿನವೇ ಒಬ್ಬ ಮೇಷ್ಟ್ರು, ಹೆಂಗಸರು ಲಾ ಕಾಲೇಜಿಗೆ ಯಾಕೆ ಬರುತ್ತಾರೋ ಅಂತ ಅಂದರು. ಹುಡುಗರು ನಕ್ಕರು. ಕರಿಯರನ್ನು ಬೇರ್ಪಡಿಸುವ ಕಾನೂನುಗಳಿಗೆ ಅಲ್ಲಿ 'ಜಿಮ್ ಕ್ರೋ' ಎಂದು ಅಡ್ಡಹೆಸರು. ಅವನಿಗೊಬ್ಬಳು ತಂಗಿ ಇದ್ದಾಳೆ ಎಂದು ಪಾಲಿ ಮರ್ರೆ ಅವಳಿಗೆ 'ಜೇನ್ ಕ್ರೋ' ಎಂದು ಹೆಸರಿಟ್ಟರು. ಜಾತಿ ಹೊರಗಿನಿಂದ ಹೊಡೆಯುವಾಗ ನಮ್ಮದೇ ಮನೆಯ ಗಂಡಸುತನ ಒಳಗಿನಿಂದ ಹೊಡೆಯುತ್ತದಲ್ಲ, ಅವಳೇ ಇವಳು. 1944ರಲ್ಲಿ ತರಗತಿಗೆಲ್ಲ ಮೊದಲಿಗರಾಗಿ ಪಾಸಾದರು. ಮುಂದೆ ಓದಲು ಹಾರ್ವರ್ಡಿಗೆ ಅರ್ಜಿ ಹಾಕಿದರೆ, ನಮ್ಮಲ್ಲಿ ಸೇರಲು ನೀವು ಅರ್ಹ ಲಿಂಗದವರಲ್ಲ ಅಂತ ಉತ್ತರ ಬಂತು. ಅದಕ್ಕವರು, ನಿಮಗಾಗಿ ಲಿಂಗ ಬದಲಾಯಿಸಿಕೊಳ್ಳಲು ನಾನು ತಯಾರು, ಅದರ ದಾರಿ ಮಾತ್ರ ಯಾರೂ ತೋರಿಸಿಲ್ಲ ಅನ್ನುವ ಧಾಟಿಯಲ್ಲಿ ಮಾರುತ್ತರ ಬರೆದರು. ನಾವು ಇದನ್ನು ಓದಿ ಬಿದ್ದು ಬಿದ್ದು ನಕ್ಕೆವು. ಗೆಳತಿ ನಗಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ.

ಅವರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಓದಿದರು. 1945ರಲ್ಲಿ ಅಲ್ಲಿ ಬರೆದ ಪ್ರಬಂಧದ ವಿಷಯ ಕೆಲಸದಲ್ಲಿ ಸಮಾನ ಅವಕಾಶದ ಹಕ್ಕು. ದುಡಿಯುವ ಹಕ್ಕೂ ಮನುಷ್ಯನ ಮೂಲಹಕ್ಕು ಎಂಬ ವಾದ. ಹಾವರ್ಡಿನಲ್ಲಿದ್ದಾಗ ಇನ್ನೊಂದು ವಾದ ಹೂಡಿದ್ದರು. ಬೇರೆ ಇಟ್ಟರೂ ಸಮಾನವಾಗಿ ಇಟ್ಟರೆ ಸಾಕು ಎಂದು 1896ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಕರಿಯ ವಕೀಲರು 'ಎಲ್ಲಿದೆ ಸಮಾನ?' ಅಂತ ಕೇಳುತ್ತಿದ್ದರು. ಪಾಲಿ ಮರ್ರೆ, 'ಬೇರೆ ಇಡುವುದೇ ಅನ್ಯಾಯ, ಅದಕ್ಕೇ ಕೊಡಲಿ ಹಾಕಿ' ಅಂದರು. ತರಗತಿ ಮತ್ತೆ ನಕ್ಕಿತು. ಇಪ್ಪತ್ತೈದು ವರ್ಷದೊಳಗೆ ಆ ತೀರ್ಪು ಬೀಳುತ್ತದೆ ಅಂತ ಮೇಷ್ಟ್ರು ಸ್ಪಾಟ್ಸ್‌ವುಡ್ ರಾಬಿನ್‌ಸನ್ ಜೊತೆ ಹತ್ತು ಡಾಲರ್ ಬಾಜಿ ಕಟ್ಟಿದರು. ಹತ್ತೇ ವರ್ಷಕ್ಕೆ, 1954ರಲ್ಲಿ, ಶಾಲೆಗಳ ಬ್ರೌನ್ ಮೊಕದ್ದಮೆಯಲ್ಲಿ ಅದು ಬಿತ್ತು. ಆ ಮೊಕದ್ದಮೆಗೆ ತಯಾರಾಗುವಾಗ ಅದೇ ಮೇಷ್ಟ್ರು ಆ ಹಳೆಯ ಪ್ರಬಂಧವನ್ನು ಹುಡುಕಿ ತೆಗೆದಿದ್ದರು. ಬರೆದವರಿಗೆ ಅದು ತಿಳಿದದ್ದು ವರ್ಷಗಳ ಮೇಲೆ. 1951ರಲ್ಲಿ ಅವರು ರಾಜ್ಯರಾಜ್ಯದ ವರ್ಣಭೇದದ ಕಾನೂನುಗಳನ್ನೆಲ್ಲ ಒಟ್ಟುಮಾಡಿದ ಏಳುನೂರು ಪುಟ ದಾಟಿದ ಪುಸ್ತಕ ತಂದರು. ತರ್‌ಗುಡ್ ಮಾರ್ಷಲ್ ಅವರ ವಕೀಲರ ಪಡೆ ಅದನ್ನು ಬೈಬಲ್ಲಿನಂತೆ ಇಟ್ಟುಕೊಂಡಿತ್ತು.

1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆ ಎಲ್ಲರಿಗೂ ಗೊತ್ತು. 'ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ' ಅನ್ನುವುದು ಅದರ ಪೂರ್ತಿ ಹೆಸರು. ಅಲ್ಲಿ ಮುಖ್ಯ ಭಾಷಣ ಮಾಡಲು ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ. ಅಡುಗೆ, ಕರಪತ್ರ, ಚಂದಾ ಹೆಂಗಸರದ್ದು, ಮೈಕು ಗಂಡಸರದ್ದು. ಮೆರವಣಿಗೆಯ ನಾಯಕ, ಕಾರ್ಮಿಕ ಧುರೀಣ ರಾಂಡಾಲ್ಫ್ ಅವರಿಗೆ ಪಾಲಿ ಮರ್ರೆ ನೇರ ಕಾಗದ ಬರೆದು ಪ್ರತಿಭಟಿಸಿದರು. ಹೋರಾಟ ಮುಗಿಯಲಿ, ನಿಮ್ಮದು ಆಮೇಲೆ ನೋಡೋಣ ಅನ್ನುವ ಮಾತು ನಮ್ಮ ಸಭೆಗಳಲ್ಲೂ ಕೇಳಿದ್ದೇವೆ. ಆಡಿದ್ದೇವೆ ಕೂಡ.

ಇನ್ನು ಗೆಳತಿಯ ವಿಷಯ. ಒಂದು ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಅವಳು ಪಾಲಿ ಮರ್ರೆ ಬಗ್ಗೆ ನಾಲ್ಕು ಪುಟ ಬರೆದಿದ್ದಳು. ನಾವು ಓದಿ ಒಂದು ಪ್ಯಾರಾಕ್ಕೆ ಗೀಟು ಹಾಕಿದೆವು. 'ಇದು ಬ್ಯಾಡ. ಜನ ತಪ್ಪು ತಿಳೀತಾರೆ. ನಮ್ ವಿಷ್ಯ ಜಾತಿ, ಇದಲ್ಲ' ಅಂದೆವು. ಅವಳು ವಾದ ಮಾಡಲಿಲ್ಲ. ಮೂರೂವರೆ ಪುಟ ಓದಿದಳು. ಚಪ್ಪಾಳೆ ಬಿತ್ತು. ಮುಂದಿನ ಶನಿವಾರದಿಂದ ಬರಲಿಲ್ಲ. ಗೀಟು ಹಾಕಿದ ಪ್ಯಾರಾದಲ್ಲಿ ಇದ್ದದ್ದು ಇಷ್ಟು.

ಪಾಲಿ ಮರ್ರೆ ಹೆಂಗಸರನ್ನು ಪ್ರೀತಿಸಿದರು. 1930ರ ದಶಕದಲ್ಲಿ, ತಮ್ಮೊಳಗೆ ಇರುವುದು ಗಂಡು ಎಂದು ನಂಬಿ, ಗಂಡು ಹಾರ್ಮೋನು ಕೊಡಿ ಎಂದು ವೈದ್ಯರ ಬಾಗಿಲು ತಟ್ಟಿದರು. ಯಾರೂ ಕೊಡಲಿಲ್ಲ. ಲೆಸ್ಬಿಯನ್ ಎಂಬ ಪದವನ್ನು ಅವರು ತಮಗೆ ಹಚ್ಚಿಕೊಳ್ಳಲಿಲ್ಲ. ಇವತ್ತು ಕೆಲವರು ಅವರನ್ನು ಹಾಗೆ ಕರೆಯುತ್ತಾರೆ, ಕೆಲವರು ಟ್ರಾನ್ಸ್ ಅನ್ನುತ್ತಾರೆ. 1956ರಲ್ಲಿ ನ್ಯೂಯಾರ್ಕಿನ ದೊಡ್ಡ ವಕೀಲರ ಕಚೇರಿಯೊಂದಕ್ಕೆ ಸೇರಿದಾಗ ಅಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದ ಐರೀನ್ ಬಾರ್ಲೋ ಅವರ ಪರಿಚಯವಾಯಿತು. 1973ರಲ್ಲಿ ಮೆದುಳಿನ ಗಡ್ಡೆಯಿಂದ ಬಾರ್ಲೋ ಸಾಯುವವರೆಗೂ ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಆ ಸಾವಿನ ನಂತರ ಪಾಲಿ ಮರ್ರೆ ಪ್ರೊಫೆಸರ್ ಕೆಲಸ ಬಿಟ್ಟು ಧರ್ಮಶಾಸ್ತ್ರ ಓದಿ, 1977ರಲ್ಲಿ ಎಪಿಸ್ಕೋಪಲ್ ಚರ್ಚಿನ ಪಾದ್ರಿಯಾದರು. ಆ ಚರ್ಚಿನಲ್ಲಿ ಪಾದ್ರಿಯಾದ ಮೊದಲ ಕರಿಯ ಹೆಂಗಸು. ತೀರಿಕೊಂಡದ್ದು 1985ರಲ್ಲಿ. ಆತ್ಮಕತೆಯಲ್ಲಿ ಬಾರ್ಲೋ ಬರೀ ಸ್ನೇಹಿತೆ. ಆದರೆ ಡೈರಿ, ವೈದ್ಯರಿಗೆ ಬರೆದ ಕಾಗದ ಯಾವುದನ್ನೂ ಸುಡಲಿಲ್ಲ. ಎಲ್ಲ ಜೋಪಾನವಾಗಿಟ್ಟು ಒಂದು ಗ್ರಂಥಾಲಯಕ್ಕೆ ಕೊಟ್ಟರು. ಆ ಗ್ರಂಥಾಲಯ ಇವತ್ತು ಇರುವುದು ಅವರನ್ನು ಸೇರಿಸದ ಹಾರ್ವರ್ಡಿನಲ್ಲೇ.

ಇಷ್ಟೇ. ಇದನ್ನೇ ನಾವು ಹೊಡೆದುಹಾಕಿದ್ದು.

ಇದು ನಮ್ಮ ವಿಷಯವಲ್ಲ ಅಂದೆವಲ್ಲ, ಅದು ಎಷ್ಟು ಸುಳ್ಳು ಅಂತ ಆಮೇಲೆ ಓದಿ ತಿಳಿದೆವು. 1964ರ ನಾಗರಿಕ ಹಕ್ಕು ಕಾಯ್ದೆಯಲ್ಲಿ ಏಳನೆಯ ಭಾಗ ಕೆಲಸಗಾರರಿಗೆ ಸಂಬಂಧಿಸಿದ್ದು. ಬಣ್ಣ, ಜನಾಂಗ, ಧರ್ಮ, ಮೂಲದೇಶ ನೋಡಿ ಯಾರನ್ನೂ ಕೆಲಸದಿಂದ ತೆಗೆಯಬಾರದು. ಆ ಸಾಲಿಗೆ 'ಲಿಂಗ' ಎಂಬ ಎರಡಕ್ಷರ ಸೇರಿತ್ತು. ಸೆನೆಟ್ಟಿನಲ್ಲಿ ಅದನ್ನು ಕಿತ್ತುಹಾಕುವ ಭಯ ಇತ್ತು. ಪಾಲಿ ಮರ್ರೆ ಒಂದು ಟಿಪ್ಪಣಿ ಬರೆದರು. ಈ ಪದ ತೆಗೆದರೆ ಕರಿಯರಲ್ಲಿ ಅರ್ಧ ಜನಕ್ಕಷ್ಟೇ ರಕ್ಷಣೆ, ಕರಿಯ ಹೆಂಗಸನ್ನು ಕೆಲಸದಿಂದ ತೆಗೆದವನು ಬಣ್ಣಕ್ಕೆ ತೆಗೆದನೋ ಹೆಣ್ಣೆಂದು ತೆಗೆದನೋ ಹೇಗೆ ಬೇರೆ ಮಾಡುತ್ತೀರಿ ಎಂಬ ವಾದ. ಟಿಪ್ಪಣಿ ಕೈಯಿಂದ ಕೈಗೆ ಸೆನೆಟರುಗಳ ಹತ್ತಿರ ಹೋಯಿತು. ಪದ ಉಳಿಯಿತು. 1966ರಲ್ಲಿ ಆಲಬಾಮಾದ ಜ್ಯೂರಿಗಳಿಂದ ಕರಿಯರನ್ನೂ ಹೆಂಗಸರನ್ನೂ ಹೊರಗಿಟ್ಟದ್ದು ತಪ್ಪೆಂದು ಕೋರ್ಟು ಹೇಳಿತು. ಆ ಮೊಕದ್ದಮೆಯ ವಾದ ಬರೆದವರಲ್ಲಿ ಅವರೂ ಒಬ್ಬರು. ಒಡೆಲ್ ವಾಲರ್ ಸತ್ತು ಆಗ ಇಪ್ಪತ್ನಾಲ್ಕು ವರ್ಷ.

ಆ ಎರಡಕ್ಷರದ ಕೆಲಸ ಅಲ್ಲಿಗೂ ಮುಗಿಯಲಿಲ್ಲ. 2020ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟು, ಸಲಿಂಗ ಪ್ರೇಮಿ ಎಂದೋ ಟ್ರಾನ್ಸ್ ಎಂದೋ ಕೆಲಸದಿಂದ ತೆಗೆಯುವುದು 1964ರ ಆ ಪದಕ್ಕೇ ವಿರುದ್ಧ ಅಂತ ತೀರ್ಪು ಕೊಟ್ಟಿತು. ಪಾಲಿ ಮರ್ರೆ ಸತ್ತು ಮೂವತ್ತೈದು ವರ್ಷವಾಗಿತ್ತು. ಅವರು ಬದುಕಿದ್ದಾಗ ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಉಳಿಸಿದ ಪದ ಕೋರ್ಟಿನಲ್ಲಿ ಕಾಯಿತು. ಒಬ್ಬರ ಪದವನ್ನು ಹೊಡೆದುಹಾಕುವ ಮೊದಲು, ಅದು ನಾಳೆ ಯಾರ ಅನ್ನ ಕಾಯುತ್ತದೋ ಅಂತ ನಾವು ಯೋಚಿಸಿರಲಿಲ್ಲ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಂದಿಗೂ ಒಂದು ತೊಡಕು ಇದೆಯಂತೆ. ಪಾಲಿ ಮರ್ರೆಯನ್ನು ಅವನು ಅನ್ನಬೇಕೋ ಅವಳು ಅನ್ನಬೇಕೋ ಎಂದು. ನಮ್ಮ ಭಾಷೆಗೆ ಆ ತೊಡಕಿಲ್ಲ. 'ಅವರು' ಅಂದರೆ ಹೆಣ್ಣೂ ಅಲ್ಲ, ಗಂಡೂ ಅಲ್ಲ, ಮರ್ಯಾದೆ. ನಮ್ಮವ್ವನಿಗೆ ಊರು ಕೊಡದೇ ಹೋದ ಪದ. ಗೆಳತಿಗೆ ನಾವು ಕೊಡದೇ ಹೋದದ್ದೂ ಅದೇ.

ಗೆಳತಿ, ನಿನ್ನ ಪ್ಯಾರಾ ಇಲ್ಲಿ ಅಚ್ಚಾಗಿದೆ. ಕೂಟ ಈಗಲೂ ಶನಿವಾರವೇ ಸೇರುತ್ತದೆ. ಬಂದು ಬಯ್ಯಿ. ಬರದಿದ್ದರೆ ನಾವೇ ಬಸ್ಸು ಹತ್ತಿ ನಿನ್ನೂರಿಗೆ ಬರುತ್ತೇವೆ.